ಎತ್ತರದ ಕೂದಲು, ಜೋರು ಕುಣಿತ, ಒಂದು ಸಿಹಿ ಸುಳ್ಳು

ವೀಕೆಂಡ್‌ಗೆ ಹಗುರವಾದ ಸಿನಿಮಾ ಬೇಕು, ಆದ್ರೆ ಮುಗಿದ ಮೇಲೆ ತಲೇಲಿ ಏನಾದ್ರೂ ಉಳೀಬೇಕು ಅನ್ನೋರು 1988ರ 'ಹೇರ್‌ಸ್ಪ್ರೇ' ಹುಡುಕಿ ನೋಡಿ. ಜಾನ್ ಟ್ರವೋಲ್ಟಾ ಹೆಣ್ಣುವೇಷ ಹಾಕಿದ 2007ರ ಸಿನಿಮಾ ನಿಮಗೆ ಗೊತ್ತಿರಬಹುದು. ನಾನು ಹೇಳ್ತಿರೋದು ಅದರ ಮೂಲದ ಬಗ್ಗೆ.

ಕಥೆ ನಡೆಯೋದು 1962ರ ಬಾಲ್ಟಿಮೋರ್‌ನಲ್ಲಿ. ಟ್ರೇಸಿ ಟರ್ನ್‌ಬ್ಲ್ಯಾಡ್ ದಪ್ಪಗಿನ, ಗೋಪುರದಂಥ ಕೂದಲಿನ ಹುಡುಗಿ. ಟಿವಿಯ ಡಾನ್ಸ್ ಶೋ ಒಂದರಲ್ಲಿ ಕುಣಿಯೋದೇ ಅವಳ ಕನಸು. ಕುಣೀತಾಳೆ, ಗೆಲ್ತಾಳೆ, ಊರಿಗೇ ಸ್ಟಾರ್ ಆಗ್ತಾಳೆ. ಆದರೆ ಆ ಶೋನಲ್ಲಿ ಕಪ್ಪು ಮಕ್ಕಳಿಗೆ ಬೇರೆ ದಿನ, ಬಿಳಿಯರಿಗೆ ಬೇರೆ ದಿನ. ಟ್ರೇಸಿ ಅದನ್ನು ಒಪ್ಪಲ್ಲ. ಕೊನೆಗೆ ಜಿರಳೆ ಚಿತ್ರಗಳಿರೋ ಗೌನ್ ತೊಟ್ಟು ಅವಳು ಕುಣಿಯೋದನ್ನು ನೋಡಿಯೇ ಅನುಭವಿಸಬೇಕು!

ವಿಮರ್ಶಕರಿಗೆ ಆಗ ಅಚ್ಚರಿಯಾಗಿದ್ದು ಬೇರೆ ಕಾರಣಕ್ಕೆ. ನಿರ್ದೇಶಕ ಜಾನ್ ವಾಟರ್ಸ್ ಅಂದ್ರೆ 1972ರ 'ಪಿಂಕ್ ಫ್ಲೆಮಿಂಗೋಸ್'. ಹೊಟ್ಟೆ ತೊಳಸುವಂಥ ದೃಶ್ಯಗಳಿಗೇ ಹೆಸರಾದ ಸಿನಿಮಾ ಅದು. ಅಂಥವನು ಮನೆಮಂದಿ ಕೂತು ನೋಡಬಹುದಾದ ಪಿಜಿ ಸರ್ಟಿಫಿಕೇಟ್ ಚಿತ್ರ ಮಾಡಿದ! ರೋಜರ್ ಈಬರ್ಟ್ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು. ಟ್ರೇಸಿಯಾದ ರಿಕಿ ಲೇಕ್‌ಗೆ ಇದು ಮೊದಲ ಸಿನಿಮಾ. ಆದ್ರೆ ನನ್ನ ಮನಸ್ಸು ಕದ್ದಿದ್ದು ಅವಳ ತಾಯಿ ಎಡ್ನಾ. ಇಸ್ತ್ರಿ ಮಾಡಿ ಸಂಸಾರ ನಡೆಸೋ ಸುಸ್ತಾದ ಹೆಂಗಸು. ಆ ಪಾತ್ರ ಮಾಡಿದ್ದು ಡಿವೈನ್ ಎಂಬ ಗಂಡು ಕಲಾವಿದ. ಅಣಕ ಇಲ್ಲ, ಅತಿರೇಕ ಇಲ್ಲ, ಪಕ್ಕದ್ಮನೆ ಆಂಟಿ ಥರಾನೇ ಇದ್ದಾನೆ. ಚಿತ್ರ ಫೆಬ್ರವರಿಯಲ್ಲಿ ಬಂತು, ಎಲ್ಲರೂ ಹೊಗಳಿದರು. ಮಾರ್ಚ್ 7ರಂದು ಡಿವೈನ್ ತೀರಿಕೊಂಡ. ವಯಸ್ಸು ಬರೀ 42.

ಇನ್ನು ಆ ಸುಳ್ಳಿನ ವಿಷಯ. ಸಿನಿಮಾದ ಶೋ ಕಟ್ಟುಕಥೆಯಲ್ಲ. ಬಾಲ್ಟಿಮೋರ್‌ನ ಟಿವಿಯಲ್ಲಿ 1957ರಿಂದ 'ಬಡ್ಡಿ ಡೀನ್ ಶೋ' ಬರ್ತಿತ್ತು. ಹುಡುಗ ವಾಟರ್ಸ್ ಅದರ ಕಟ್ಟಾ ಅಭಿಮಾನಿ. ಅಲ್ಲೂ ಇದೇ ಪ್ರತ್ಯೇಕ ದಿನದ ವ್ಯವಸ್ಥೆ. 1963ರ ಆಗಸ್ಟ್‌ನಲ್ಲಿ ಕಪ್ಪು-ಬಿಳಿ ಯುವಜನ ಸೇರಿ ಸ್ಟುಡಿಯೋಗೆ ನುಗ್ಗಿ, ನೇರಪ್ರಸಾರದಲ್ಲೇ ಜೊತೆಯಾಗಿ ಕುಣಿದುಬಿಟ್ಟರು. ಆಮೇಲೆ ಏನಾಯ್ತು? ಎಲ್ಲರನ್ನೂ ಒಟ್ಟಿಗೆ ಕುಣಿಸೋ ಬದಲು 1964ರ ಜನವರಿಯಲ್ಲಿ ಶೋವನ್ನೇ ನಿಲ್ಲಿಸಿದರು. ಸಿನಿಮಾದಲ್ಲಿ ಮಾತ್ರ ಎಲ್ಲರೂ ಗೆದ್ದು ಕುಣೀತಾರೆ.

ಕಪ್ಪು ಜನರ ಹೋರಾಟದಲ್ಲಿ ಬಿಳಿ ಹುಡುಗಿಯೇ ನಾಯಕಿ ಆಗ್ತಾಳೆ ಅನ್ನೋ ತಕರಾರೂ ಇದೆ. ನ್ಯಾಯವಾದದ್ದೇ. ಆ ದಿನ ನಿಜವಾಗಿ ಸ್ಟುಡಿಯೋಗೆ ನುಗ್ಗಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಆದರೂ ಈ ಸುಖಾಂತ್ಯ ನನಗೆ ಮೋಸ ಅನ್ನಿಸಲ್ಲ. ತಾನು ಪ್ರೀತಿಸಿದ ಶೋ ಹೀಗೆ ಮುಗೀಬೇಕಿತ್ತು ಅಂತ ಒಬ್ಬ ಅಭಿಮಾನಿ ಪಟ್ಟ ಆಸೆ ಅದು. ಹಿಂದಿನ ಕಾಲವೇ ಚೆಂದ ಅಂತ ಕೊರಗೋ ನಾಸ್ಟಾಲ್ಜಿಯಾಗಿಂತ ಇದು ಎಷ್ಟೋ ವಾಸಿ.

ಬಿಡುಗಡೆಯಾದಾಗ ಗಳಿಕೆ ಸಾಧಾರಣ. ಜನ ಹೆಚ್ಚಾಗಿ ಮೆಚ್ಚಿಕೊಂಡಿದ್ದು ವಿಡಿಯೋ ಕ್ಯಾಸೆಟ್‌ನಲ್ಲಿ. 2002ರಲ್ಲಿ ಬ್ರಾಡ್‌ವೇ ನಾಟಕವಾಯ್ತು, ಮರುವರ್ಷ 8 ಟೋನಿ ಪ್ರಶಸ್ತಿ ಬಾಚಿತು. 2022ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೂ ಮೂಲ ಚಿತ್ರ ಸೇರಿತು. ಕೊಳಕು ಸಿನಿಮಾದ ವಾಟರ್ಸ್‌ಗೆ ಸರ್ಕಾರಿ ಮರ್ಯಾದೆ!

ಅಂದಹಾಗೆ, ನೋಡುವಾಗ ಟಿವಿ ವರದಿಗಾರನಾಗಿ ಬರೋ ವ್ಯಕ್ತಿಯನ್ನು ಸ್ವಲ್ಪ ಗಮನಿಸಿ. ಅವನೇ ಅಸಲಿ ಬಡ್ಡಿ ಡೀನ್.