ಹೆಸರು ಉಳಿಸದವರ ಕಲ್ಮನೆಗಳು

ಚಳ್ಳಕೆರೆ ಎಂದರೆ ಎಣ್ಣೆ ಗಿರಣಿ, ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ. ಈ ಸೀಮೆಗೆ ಇನ್ನೂ ಒಂದು ಗುರುತಿದೆ: ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನವನ್ನು ಪತ್ತೆ ಹಚ್ಚಿದರು. ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂದು ಸಾರುವ ಈ ಶಾಸನ 'ಇಸಿಲ'ದ ಮಹಾಮಾತ್ರರಿಗೆ ಕಳಿಸಿದ್ದು. ಅಂದರೆ ಕ್ರಿ.ಪೂ. ಮೂರನೆಯ ಶತಮಾನದಲ್ಲೇ ಇಲ್ಲೊಂದು ಆಡಳಿತ ಕೇಂದ್ರವಿತ್ತು. ಅದಕ್ಕೂ ಮೊದಲು ಇಲ್ಲಿ ಯಾರಿದ್ದರು?

ಉತ್ತರ ಬೆಟ್ಟದ ಬುಡದ ಮಣ್ಣಿನಲ್ಲೇ ಇತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರಗಳು ಕಂಡುಬಂದವು. ತಳದಲ್ಲಿ ನುಣುಪಾಗಿ ಉಜ್ಜಿದ ಕಲ್ಲುಕೊಡಲಿಗಳು, ಕೈಯಲ್ಲೇ ತಟ್ಟಿ ಮಾಡಿದ ಮಡಕೆಗಳು. ನಡುವೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಂಸ್ಕೃತಿ. ಅದರ ಮೇಲೆ ಶಾತವಾಹನರ ಕಾಲ.

ನಡುವಣ ಜನರ ಕಲ್ಗೋರಿಗಳು ಅವರ ಕೌಶಲಕ್ಕೆ ಸಾಕ್ಷಿ. ನಾಲ್ಕು ಕಲ್ಲುಚಪ್ಪಡಿಗಳನ್ನು ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸಿದ್ದಾರೆ. ಒಂದರ ಅಂಚು ಇನ್ನೊಂದಕ್ಕೆ ಆನಿಕೆ; ಹೊರಗಿನ ಮಣ್ಣು ಒತ್ತಿದರೂ ಒಳಕ್ಕೆ ಕುಸಿಯದು. ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಸುತ್ತ ಕಲ್ಲಿನ ವೃತ್ತ. ಒಳಗೆ ಆಯ್ದು ತಂದಿಟ್ಟ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು.

ವೀಲರ್ ಇವರ ಕಾಲವನ್ನು ಕ್ರಿ.ಪೂ. 200ರ ಸುಮಾರಿನಿಂದ ಆರಂಭಿಸಿದ್ದರು. ಆದರೆ ಮುಂದೆ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನಡೆದ ಇಂಗಾಲ ಕಾಲಗಣನೆ ದಕ್ಷಿಣದ ಕಬ್ಬಿಣವನ್ನು ಕ್ರಿ.ಪೂ. 1000ದವರೆಗೆ ಹಿಂದಕ್ಕೆ ಒಯ್ದಿತು. ಹಾಗಾಗಿ ಮೌರ್ಯರು ಬಂದದ್ದು ಬರೀ ಕಾಡಿಗಲ್ಲ. ಉತ್ತು ಬಿತ್ತಿ, ಕಬ್ಬಿಣ ಬಳಸಿ ನೆಲೆ ನಿಂತವರ ನಾಡಿಗೆ.

ಅದೇ ಕಾಲದ ಆಸುಪಾಸಿನಲ್ಲಿ ಮೆಕ್ಸಿಕೊದ ಕರಾವಳಿಯಲ್ಲಿ ಓಲ್ಮೆಕ್ ಜನ ಹೆಬ್ಬಂಡೆಗಳಲ್ಲಿ ಬೃಹತ್ ತಲೆಗಳನ್ನು ಕೆತ್ತುತ್ತಿದ್ದರು. ಈವರೆಗೆ ಸಿಕ್ಕಿರುವುದು 17. ಓಲ್ಮೆಕ್ ಎಂಬುದು ಅವರೇ ಇಟ್ಟುಕೊಂಡ ಹೆಸರಲ್ಲ, ಬಹಳ ಕಾಲದ ನಂತರ ಬಂದದ್ದು. ನಮ್ಮವರ ಕಥೆಯೂ ಅದೇ. ಕರ್ನಾಟಕದ ಹಲವೆಡೆ ಇಂಥ ಗೋರಿಗಳಿಗೆ 'ಮೋರೇರ ಮನೆ', 'ಪಾಂಡವರ ಮನೆ' ಎನ್ನುತ್ತಾರೆ. ಕಟ್ಟಿದವರು ಮರೆತುಹೋಗಿ ಬೇರೆಯವರ ಹೆಸರು ನಿಂತಿದೆ.

ಹೊಲದ ಬದುವಿಗೆ ಬೇಕೆಂದು ಒಂದು ಚಪ್ಪಡಿ ಕಿತ್ತರೆ ಅದರ ಜೊತೆಗೆ ಒಂದು ಪುಟವೇ ಹರಿದುಹೋಗುತ್ತದೆ. ಅಶೋಕನಿಗಾದರೆ ಅಕ್ಷರಗಳಿವೆ. ಇವರಿಗಿರುವುದು ಈ ಕಲ್ಲುಗಳಷ್ಟೇ.