ಕೋಟೆಯ ಮಣ್ಣು ವಿಮಾನ ಹತ್ತುವುದಿಲ್ಲ

ನಮ್ಮ ಅಕ್ಕನ ಮಗಳು ಜರ್ಮನಿಗೆ ಹೊರಟ ಸುದ್ದಿ ಬೀದರ ಬಳಿಯ ಹಲಬರ್ಗಾದ ತುಂಬ ಹಬ್ಬಲು ಒಂದು ಮುಂಜಾನೆ ಸಾಕಾಯಿತು. ಸ್ಟೇಷನ್ ಕಡೆಯ ಚಹಾದಂಗಡಿಯಲ್ಲಿ ಕೂತವರಿಗೆಲ್ಲ ನಾನೇ ಉತ್ತರ ಕೊಡಬೇಕಾಯಿತು.

‘ಡಾಕ್ಟರ್ಕಿ ಕಲೀಲಾಕೇನ್ರಿ ಸರ?’

‘ಅಲ್ಲ.’

‘ಕಂಪ್ಯೂಟರ?’

‘ಅದೂ ಅಲ್ಲ. ಚಿತ್ರಕಲಾ.’

‘ಚಿತ್ರ ತೆಗೀಲಾಕ ಜರ್ಮನಿ ತನಕ ಹೋಗಬೇಕಾ? ಎಷ್ಟ್ ವರ್ಷದ್ದು?’

‘ಆರು ತಿಂಗಳು.’

ಅಲ್ಲಿಗೆ ಕೇಳಿದವರ ಉತ್ಸಾಹ ಇಳಿದುಹೋಯಿತು. ಆರು ತಿಂಗಳಿಗೆ ಹೋಗಿ ಬರುವುದು ಓದಾಗುತ್ತದೆಯೇ? ನಮ್ಮಲ್ಲಿ ಪುಣೆಗೆ, ಹೈದರಾಬಾದಿಗೆ ಸುಗ್ಗಿ ಮುಗಿಸಿ ಕೂಲಿಗೆ ಹೋದವರೂ ಅದಕ್ಕಿಂತ ಹೆಚ್ಚು ದಿನ ಇದ್ದು ಬರುತ್ತಾರೆ. ‘ವಿನಿಮಯ ವಿದ್ಯಾರ್ಥಿ’ ಎಂದು ಬಿಡಿಸಿ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಕಡೆಗೆ ಆಯೇರಿ ಲೆಕ್ಕ ಹೇಳಿದೆ. ಅವರ ಮನೆಯ ಲಗ್ನಕ್ಕೆ ನಾವು ಆಯೇರಿ ಮಾಡುತ್ತೇವೆ, ನಮ್ಮ ಮನೆಯ ಲಗ್ನಕ್ಕೆ ಅವರು ತಿರುಗಿ ಮಾಡುತ್ತಾರೆ. ಇದೂ ಹಾಗೆ. ಅಲ್ಲಿಯದೊಂದು ಕಾಲೇಜು, ಇಲ್ಲಿಯದೊಂದು ಕಾಲೇಜು ಕರಾರು ಮಾಡಿಕೊಂಡಿರುತ್ತವೆ. ನಮ್ಮ ಹುಡುಗಿ ಫೀಸು ಕಟ್ಟುವುದು ಬೆಂಗಳೂರಿನ ತನ್ನ ಕಾಲೇಜಿಗೆ, ಒಂದು ಸೆಮಿಸ್ಟರ್ ಕೂತು ಕಲಿಯುವುದು ಅಲ್ಲಿ. ಅಲ್ಲಿನವರು ಯಾರೋ ಅದೇ ಲೆಕ್ಕದಲ್ಲಿ ಇಲ್ಲಿಗೆ ಬರುತ್ತಾರೆ. ಇದು ಎಲ್ಲರಿಗೂ ತಿಳಿಯಿತು. ಒಬ್ಬ ಮುದುಕರು ಮಾತ್ರ, ‘ಆಯೇರಿಗಿ ಹೋಗೋರು ಕೈಯಾಗ ಏನರೆ ಹಿಡಕೊಂಡು ಹೋಗಬೇಕಲ್ಲಪ್ಪಾ, ಈಕಿ ಏನ್ ಒಯ್ಯತಾಳ?’ ಎಂದರು. ಆ ಪ್ರಶ್ನೆ ಆಗ ಚೇಷ್ಟೆಯಂತೆ ಕೇಳಿಸಿತ್ತು.

ಯುರೋಪಿನ ದೇಶಗಳು ತಮ್ಮತಮ್ಮೊಳಗೆ ಈ ಪದ್ಧತಿಯನ್ನು ದೊಡ್ಡದಾಗಿ ಶುರುಮಾಡಿದ್ದು 1987ರಲ್ಲಿ, ಎರಾಸ್ಮಸ್ ಎಂಬ ಹೆಸರಿನಲ್ಲಿ. 2015ರಿಂದ ಭಾರತದಂಥ ಹೊರಗಿನ ದೇಶಗಳ ವಿದ್ಯಾರ್ಥಿಗಳಿಗೂ ಆ ಬಾಗಿಲು ತೆರೆಯಿತು. ಅದರ ಹೊರತಾಗಿ ಕಾಲೇಜುಗಳು ನೇರವಾಗಿ ಮಾಡಿಕೊಂಡ ಕರಾರುಗಳೂ ಇವೆ. ಅಲ್ಲಿಯ ಅಳತೆಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಅಲ್ಲಿ ಗಳಿಸಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ ಎಂದು ಎರಡೂ ಕಡೆಯವರು ಹೋಗುವ ಮೊದಲೇ ಸಹಿ ಹಾಕಿದ ಕಾಗದವೊಂದು ಬೇಕು. ಇದನ್ನು ಸಸಾರ ಮಾಡಿದವರು ತಿರುಗಿ ಬಂದು ಅದೇ ಸೆಮಿಸ್ಟರನ್ನು ಮತ್ತೆ ಓದಿದ್ದುಂಟು.

ಅಲ್ಲಿ ಫೀಸು ಮಾಫಿ ಎಂದ ಮಾತ್ರಕ್ಕೆ ಖರ್ಚು ಮಾಫಿಯಲ್ಲ. 90 ದಿನ ಮೀರಿ ಇರುವವರಿಗೆ ಷೆಂಗೆನ್ ಪ್ರವಾಸಿ ವೀಸಾ ನಡೆಯದು, ಆ ದೇಶದ್ದೇ ವೀಸಾ ಆಗಬೇಕು. ಉಣ್ಣುವುದಕ್ಕೆ, ಇರುವುದಕ್ಕೆ ದುಡ್ಡಿದೆ ಎಂದು ಜರ್ಮನಿಯವರಿಗೆ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅವರ ಲೆಕ್ಕ ತಿಂಗಳಿಗೆ 992 ಯೂರೊ. ಆರು ತಿಂಗಳಿಗೆ 5,952. ಅಷ್ಟನ್ನೂ ಒಂದು ಖಾತೆಯಲ್ಲಿ ಇಟ್ಟು ಬೀಗ ಹಾಕಿಸಿ, ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳಾ ಇಷ್ಟಿಷ್ಟೇ ತೆಗೆಯಬೇಕು. ತೊಗರಿ, ಸೋಯಾ ಮಾರಿದ ದುಡ್ಡು ವರ್ಷಕ್ಕೊಮ್ಮೆ ಬಂದು ಸೊಸೈಟಿ ಸಾಲಕ್ಕೇ ಅರ್ಧ ಹೋಗುವ ಮನೆಯಲ್ಲಿ ಐದಾರು ಲಕ್ಷ ರೂಪಾಯಿ ಬೀಗದೊಳಗೆ ಇಡುವುದೆಂದರೆ ಏನೆಂದು ಹೇಳಬೇಕಿಲ್ಲ. ನಮ್ಮ ಭಾವ ಒಂದು ಎಕರೆಯ ಕಾಗದ ಹಿಡಿದು ಬ್ಯಾಂಕಿಗೆ ಹೋದರು. ಅಷ್ಟು ಸಾಕು.

ಹಣಕ್ಕಿಂತ ಹೆಚ್ಚು ಸತಾಯಿಸಿದ್ದು ಪೋರ್ಟ್‌ಫೋಲಿಯೊ. ನಮ್ಮ ದೃಶ್ಯಕಲಾ ಕಾಲೇಜುಗಳಲ್ಲಿ ನಾಲ್ಕು ವರ್ಷ ಕಲಿಸುವುದನ್ನು ಬಲ್ಲವರಿಗೆ ಗೊತ್ತು: ಸ್ಟಿಲ್ ಲೈಫ್, ಪೋರ್ಟ್ರೇಟ್, ಕಾಂಪೊಸಿಷನ್. ಹುಡುಗಿ ಅವನ್ನೇ ಚೆಂದವಾಗಿ ಜೋಡಿಸಿ ಕಳಿಸಿದಳು. ಕೈ ಚೆನ್ನಾಗಿದೆ, ಆದರೆ ಈ ಚಿತ್ರಗಳಿಗೆ ಹೇಗೆ ಬಂದೆ ಎಂಬುದು ಕಾಣುತ್ತಿಲ್ಲ, ಕರಡು ಪುಸ್ತಕದ ಹಾಳೆಗಳನ್ನು ಕಳಿಸು, ಕೆಟ್ಟುಹೋದದ್ದನ್ನೂ ಕಳಿಸು ಎಂಬರ್ಥದ ಉತ್ತರ ಅಲ್ಲಿಂದ ಬಂತು. ಕೆಟ್ಟುಹೋದದ್ದನ್ನು ನಾವು ಯಾರಾದರೂ ಇಟ್ಟುಕೊಳ್ಳುತ್ತೇವೆಯೇ? ಹರಿದು ಒಲೆಗೆ ಹಾಕುತ್ತೇವೆ. ಅವಳು ರಜೆಗೆ ಊರಿಗೆ ಬಂದು ಎರಡು ದಿನ ಮೂಗು ಸೊರಸೊರ ಮಾಡಿ, ಮೂರನೆಯ ದಿನ ಬೀದರಿನ ಗಾಡಿ ಹತ್ತಿದಳು. ಚೌಬಾರಾ ರಸ್ತೆಯ ಆಚೆಯ ಗಲ್ಲಿಯಲ್ಲಿ ಬಿದ್ರಿ ಕೆಲಸ ಮಾಡುವ ಉಸ್ತಾದರೊಬ್ಬರು ನನಗೆ ಪರಿಚಯ. ಒಂದು ತಿಂಗಳು ಕೂತು ನೋಡಲಿ, ಕರಡು ಪುಸ್ತಕವಾದರೂ ತುಂಬುತ್ತದೆ ಎಂದು ಕಳಿಸಿದ್ದೆ.

ಬಿದ್ರಿಯನ್ನು ಓದುಗರು ಶೋಕೇಸಿನಲ್ಲಿ ನೋಡಿರುತ್ತಾರೆ, ಕಪ್ಪಿನ ಮೇಲೆ ಬೆಳ್ಳಿ ಬಳ್ಳಿ. ಆಗುವಾಗ ಅದು ಕಪ್ಪಿರುವುದಿಲ್ಲ. 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಕೂಡಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದಾಗ ಹೊರಬರುವುದು ಬೂದಿ ಬಣ್ಣದ ಒರಟು ತುಂಡು. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಬಳಿಯುತ್ತಾರೆ. ಆಗ ಸುಳ್ಳು ಕಪ್ಪು ಬರುತ್ತದೆ. ಅದರ ಮೇಲೆ ಮೊನೆಯಿಂದ ಗೀರಿದರೆ ಗೆರೆ ಬೆಳ್ಳಗೆ ಏಳುತ್ತದೆ, ಹಲಗೆಯ ಮೇಲೆ ಬಳಪ ಎಳೆದಂತೆ. ಆ ಗೆರೆಯ ಗುಂಟ ಸಣ್ಣ ಉಳಿಯಿಂದ ಕೊರೆಯುತ್ತಾರೆ, ಕೊರೆದ ಸಂದಿಯಲ್ಲಿ ಬೆಳ್ಳಿಯ ತಂತಿ ಕೂಡಿಸಿ ಪುಟ್ಟ ಸುತ್ತಿಗೆಯಿಂದ ಬಡಿಯುತ್ತಾರೆ. ತಂತಿಯದಾದರೆ ತಾರಕಶಿ, ತಗಡಿನದಾದರೆ ತೆಹನಿಶಾನ್. ಮತ್ತೆ ಅರ, ಮತ್ತೆ ಉಜ್ಜು. ಸುಳ್ಳು ಕಪ್ಪೆಲ್ಲ ಹೋಗಿ, ಬೂದು ಲೋಹದ ಮೇಲೆ ಬೆಳ್ಳಿ ಇದೆಯೋ ಇಲ್ಲವೋ ಗೊತ್ತಾಗದ ಹಂತಕ್ಕೆ ಬರುತ್ತದೆ. ಹದಿನೈದು ದಿನದ ಕೆಲಸ ಕಣ್ಣೆದುರೇ ಮಾಯವಾಗುವ ಹೊತ್ತು ಇದು.

ಆಮೇಲೆ ಮಣ್ಣು. ಬೀದರ ಕೋಟೆಯಲ್ಲಿ ತಲೆಮಾರುಗಳಿಂದ ಬಿಸಿಲು ಮಳೆ ಕಾಣದ ಜಾಗಗಳ ಮಣ್ಣು. ಅದನ್ನು ನವಾಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ತಿಕ್ಕಿದರೆ ಸತುವಿನ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯ ತಂಟೆಗೆ ಅದು ಹೋಗುವುದಿಲ್ಲ. ಹಳೆಯ ಗೋಡೆಗಳ ಬುಡದಲ್ಲಿ ಕೂಡಿಕೊಳ್ಳುವ ಪೆಟ್ಲುಪ್ಪಿನಂಥ ಲವಣಗಳ ಕೆಲಸ ಇದು ಎನ್ನುತ್ತಾರೆ ರಸಾಯನ ಬಲ್ಲವರು. ಕುಶಲಕರ್ಮಿಗಳು ಅದನ್ನು ಪರೀಕ್ಷಿಸುವುದು ನಾಲಗೆಯಿಂದ. ಹುಡುಗಿ ಹೋದ ಎರಡನೆಯ ದಿನವೇ ಉಸ್ತಾದರು ಚಿಟಿಕೆ ಮಣ್ಣು ಅವಳ ಅಂಗೈಗೆ ಹಾಕಿ, ‘ಚಖ್ ಕೆ ದೇಖೋ ಬೇಟಾ’ ಎಂದರು; ನಾನೂ ಅಲ್ಲೇ ಕೂತಿದ್ದೆ. ಅವಳು ನನ್ನ ಮುಖ ನೋಡಿದಳು. ನಾನು ಹೊರಗೆ ಬೀದಿ ನೋಡಿದೆ. ನೆಕ್ಕಿದಳು. ಉಪ್ಪು, ಆಮೇಲೆ ನಾಲಗೆಯ ಮೇಲೆ ಸಣ್ಣಗೆ ಚುರುಚುರು ಅಂದಳು. ಉಸ್ತಾದರು ತಲೆಯಾಡಿಸಿದರು. ಕರಡು ಪುಸ್ತಕದಲ್ಲಿ ಆ ದಿನದ ಹಾಳೆಗೆ ಅವಳು ಚಿತ್ರ ಬರೆಯಲಿಲ್ಲ, ಮಣ್ಣನ್ನೇ ಅಂಟಿಸಿದಳು. ಆ ಪುಸ್ತಕದ ಹಾಳೆಗಳ ಫೋಟೊ ಹೋದವು, ಒಪ್ಪಿಗೆ ಬಂತು.

ಪರದೇಶದ ಕಲಿಕೆ ಬೀದರಿಗೆ ಹೊಸದೆಂದು ಯಾರಾದರೂ ಹೇಳಿದರೆ ನಾನು ಅವರನ್ನು ಮಹಮೂದ್ ಗವಾನ್ ಮದರಸಾಕ್ಕೆ ಕರೆದೊಯ್ಯುತ್ತೇನೆ. ಇರಾನಿನ ಗೀಲಾನ್‌ನಿಂದ ಬಂದು ಬಹಮನಿಗಳ ವಜೀರನಾದ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ಬಣ್ಣದ ಹೆಂಚುಗಳ ಮುಖ, ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುವ ಗ್ರಂಥಾಲಯ. ಹೊರದೇಶದ ವಿದ್ವಾಂಸರನ್ನು ಕರೆಸಲು ಅವನು ಪತ್ರದ ಮೇಲೆ ಪತ್ರ ಬರೆದ. ಹೆರಾತಿನ ಮಹಾಕವಿ ಜಾಮಿಯನ್ನೂ ಕರೆದ. ಜಾಮಿ ಬರಲಿಲ್ಲ. ಬಂದವರು ಬಂದರು. 17ನೇ ಶತಮಾನದ ಕೊನೆಗೆ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಹಾರಿಹೋಯಿತು. ಉಳಿದ ಒಂದೇ ಮಿನಾರಿನ ಮೇಲೆ ಆ ನೀಲಿ ಹೆಂಚಿನ ಚೂರುಗಳು ಈಗಲೂ ಇವೆ. ಬಿದ್ರಿಯ ಕೈಚಳಕವೂ ಇರಾನಿನ ಕಡೆಯಿಂದಲೇ ಬಂದು ಇಲ್ಲಿಯ ಮಣ್ಣು ಕಂಡದ್ದೆಂದು ಕೆಲಸಗಾರರ ಮನೆಮಾತು.

ಬಿದ್ರಿ ಯುರೋಪಿಗೆ ಹೋದದ್ದೂ ಹಳೆಯ ಕತೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಇತ್ತು. ಇಂದು ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಬಿದ್ರಿಯ ದೊಡ್ಡ ಸಂಗ್ರಹವೇ ಇದೆ. ಹುಕ್ಕಾದ ಬುಡಗಳು ಗಾಜಿನೊಳಗೆ ಕೂತಿವೆ, ಅವನ್ನು ಮಾಡಿದವರ ಹೆಸರಿಲ್ಲದೆ. ಸಾಮಾನು ದಾಟಿದಷ್ಟು ಸಲೀಸಾಗಿ ಮನುಷ್ಯರು ದಾಟಲಿಲ್ಲ. ಮನ್ನಣೆ ತಡವಾಗಿ ಬಂತು: 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕ ಸಿಕ್ಕಿತು, 2023ರಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಕನ್ನಡದ ಚಿತ್ರಕಾರರಲ್ಲಿ ಹೊರಗೆ ಹೋಗಿ ಕಲಿತವರ ಸಾಲು ಉದ್ದವಿದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಪ್ಯಾರಿಸಿಗೆ ಹೋದದ್ದು 1949ರಲ್ಲಿ, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿಯೂ ಆದ ಮೇಲೆ. ಸೇರಿದ್ದು ಅಕಾಡೆಮಿ ಜೂಲಿಯನ್. ಫ್ರೆಂಚ್ ಸರ್ಕಾರಿ ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಭಾಷೆಗೇ ಮುಗ್ಗರಿಸುವ ಪರದೇಶಿಗಳಿಗೂ, ಅಲ್ಲಿ ಆಗ ಸೇರಿಸಿಕೊಳ್ಳದ ಹೆಂಗಸರಿಗೂ 19ನೇ ಶತಮಾನದಲ್ಲೇ ಜಾಗ ಕೊಟ್ಟ ಖಾಸಗಿ ಶಾಲೆ ಅದು. ಹೆಬ್ಬಾರರ ಹೆಸರು ಹೇಳಿದರೆ ಇಂದು ನೆನಪಾಗುವುದು ಪ್ಯಾರಿಸಿನ ತೈಲವರ್ಣವಲ್ಲ, ಯಕ್ಷಗಾನ, ನೃತ್ಯಗಳ ಆ ಓಡುವ ಗೆರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರದು ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಪದವಿ. ಅಷ್ಟೆಲ್ಲ ಸುತ್ತಿ ಬಂದ ಮೇಲೆ ಅವರು ಕೈಗೆತ್ತಿಕೊಂಡ ಸಾಮಗ್ರಿ ಸೆಗಣಿ, ಕುಂಕುಮ, ದಾರ. ಈ ಇಬ್ಬರೂ ಹೋದದ್ದು ಇಂದಿನ ಅರ್ಥದ ವಿನಿಮಯದಲ್ಲಲ್ಲ. ಡಿಗ್ರಿ ಮುಗಿದವರಿಗೆ ಈಗಲೂ ಬೇರೆ ದಾರಿಗಳಿವೆ: ಇನ್‌ಲ್ಯಾಕ್ಸ್, ಚಾರ್ಲ್ಸ್ ವ್ಯಾಲೇಸ್ ಟ್ರಸ್ಟ್ ಇತ್ಯಾದಿ ವಿದ್ಯಾರ್ಥಿವೇತನಗಳು. ಪೈಪೋಟಿ ಮಾತ್ರ ವಿಪರೀತ.

ನಮ್ಮ ಹುಡುಗಿಯ ಪೆಟ್ಟಿಗೆಗೆ ಬರುತ್ತೇನೆ. ಶೇಂಗಾ ಹಿಂಡಿ ಒಂದು ಕಿಲೊ. ಉಳಿ, ಸುತ್ತಿಗೆ, ಅರ. ಇವನ್ನು ಕೈಚೀಲದಲ್ಲಿ ಇಟ್ಟರೆ ವಿಮಾನ ಹತ್ತಿಸುವುದಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಹೋಗಬೇಕು. ಬೀದರಿನಲ್ಲೇ ಎರಕ ಹೊಯ್ಸಿ ನುಣುಪು ಮಾಡಿಸಿದ ಅಂಗೈಯಗಲದ ತಟ್ಟೆ, ಒಂದಿಷ್ಟು ಬೆಳ್ಳಿ ತಂತಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಕೋಟೆಯ ಮಣ್ಣು. ಕೊನೆಯದನ್ನು ತೆಗೆಯಬೇಕಾಯಿತು. ಯುರೋಪ್ ಒಕ್ಕೂಟದವರು ಹೊರದೇಶದ ಮಣ್ಣನ್ನು ಒಳಗೆ ಬಿಡುವುದಿಲ್ಲ. ಮಣ್ಣಿನ ಜೊತೆ ಬೆಳೆಯ ರೋಗ, ಹುಳ ಬರುತ್ತವೆಂಬ ಕಾನೂನು. ಬಾಟಲಿ ಹಲಬರ್ಗಾದ ಅಡುಗೆಮನೆಯ ಮಾಡಿನಲ್ಲಿ ಉಳಿಯಿತು. ಒಂದು ವಾರ ಬಿಟ್ಟು ಅಕ್ಕ ಫೋನು ಮಾಡಿ, ‘ಈ ಮಣ್ಣು ಬೋಗಾಣಿ ತಿಕ್ಕಲಾಕ ಬರ್ತದೇನೋ ತಮ್ಮಾ?’ ಎಂದಳು. ಮುಟ್ಟಬೇಡ ಎಂದೆ.

ಅಲ್ಲಿ ಹುಡುಗಿಗೆ ಮೊದಲ ತಿಂಗಳು ಹುಚ್ಚು ಹಿಡಿದಂತಾಯಿತಂತೆ. ಜರ್ಮನಿಯ ಕಲಾ ಅಕಾಡೆಮಿಗಳಲ್ಲಿ ಟೈಮ್ ಟೇಬಲ್ ಹಿಡಿದು ಪಾಠವಿಲ್ಲ. ಒಬ್ಬ ಪ್ರೊಫೆಸರರ ‘ಕ್ಲಾಸೆ’ಗೆ ಸೇರುವುದು, ಎಲ್ಲ ವರ್ಷದವರೂ ಒಂದೇ ಕೋಣೆ, ಯಾವಾಗಲೋ ಒಮ್ಮೆ ಎಲ್ಲರೂ ಸುತ್ತ ಕೂತು ಒಬ್ಬರ ಕೆಲಸ ಜಾಲಾಡುವುದು. ಏನು ಮಾಡಲಿ ಎಂದು ಕೇಳಿದರೆ, ನೀನೇ ಹೇಳು ಎನ್ನುವರು. ಇಲ್ಲಿ ಗುರುಗಳೆದುರು ಬಾಯಿಬಿಡದೆ ಬೆಳೆದ ಮಕ್ಕಳಿಗೆ ಇದು ಚಳಿಗಿಂತ ಹೆಚ್ಚು ನಡುಗಿಸುತ್ತದೆ. ಅವಳು ಕಡೆಗೆ ಹೋಗಿ ಕೂತದ್ದು ಲೋಹದ ವರ್ಕ್‌ಶಾಪಿನಲ್ಲಿ. ಅಲ್ಲಿದ್ದ ಮೇಸ್ತ್ರಿಯೊಬ್ಬನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಇವಳ ಜರ್ಮನ್ ಅದಕ್ಕಿಂತ ಕಡೆ. ತಟ್ಟೆ ತೆಗೆದು ಉಳಿ ಹಿಡಿದಾಗ ಆತ ತನ್ನ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದು ಕೂತನಂತೆ. 1919ರಲ್ಲಿ ವೈಮಾರ್‌ನಲ್ಲಿ ಬೌಹೌಸ್ ಶುರುವಾದಾಗ ಪ್ರತಿ ವರ್ಕ್‌ಶಾಪಿಗೆ ಇಬ್ಬರು ಗುರುಗಳನ್ನು ಇಡುತ್ತಿದ್ದರು, ರೂಪ ಕಲಿಸುವವನೊಬ್ಬ, ಕೈಕೆಲಸದವನೊಬ್ಬ. ಆ ಎರಡನೆಯವನ ವಂಶ ಅಲ್ಲಿ ಇನ್ನೂ ಅಳಿದಿಲ್ಲ ಎಂದು ಕೇಳಿ ನನಗೆ ಸಮಾಧಾನವಾಯಿತು.

ಸೆಮಿಸ್ಟರಿನ ಕೊನೆಗೆ ಅಕಾಡೆಮಿಯ ಬಾಗಿಲು ತೆರೆದು ಊರವರಿಗೆಲ್ಲ ಕೆಲಸ ತೋರಿಸುವ ‘ರುಂಡ್‌ಗಾಂಗ್’ ನಡೆಯುತ್ತದೆ, ನಮ್ಮ ಜಾತ್ರೆಯಂತೆ. ಇವಳ ತಟ್ಟೆ ಬೂದು ಬಣ್ಣದಲ್ಲೇ ಕೂತಿತ್ತು. ಕಪ್ಪು ಮಾಡಲು ಅಲ್ಲಿ ಬೇಕಾದಷ್ಟು ಔಷಧಿಗಳಿದ್ದವು, ಅವಳು ಹಚ್ಚಲಿಲ್ಲ. ಬಂದವರು ಅದನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರೆ ಮಾತ್ರ ಬೆಳ್ಳಿಯ ಗೆರೆ ಮಿಣುಕುತ್ತಿತ್ತು: ಹಲಬರ್ಗಾದಿಂದ ಬೀದರಿಗೆ ಹೋಗುವ ರೈಲು ಹಳಿ, ಪಕ್ಕಕ್ಕೆ ಸಾಲು ಬೇವಿನ ಮರ. ಮಣ್ಣು ಇಲ್ಲದ ಕಾರಣ ಕೆಲಸ ಮುಗಿದಿಲ್ಲ ಎಂದು ಪಕ್ಕದಲ್ಲಿ ಚೀಟಿ ಬರೆದಿಟ್ಟಿದ್ದಳಂತೆ.

ತಿರುಗಿ ಬಂದ ವಾರದಲ್ಲೇ ತಟ್ಟೆ, ಹಾರ್ಲಿಕ್ಸ್ ಬಾಟಲಿ ಎರಡನ್ನೂ ಹಿಡಿದು ಉಸ್ತಾದರ ಬಳಿ ಹೋದಳು, ಜೊತೆಗೆ ನಾನೂ. ಅವರು ಮಣ್ಣನ್ನು ಮೊದಲು ನಾಲಗೆಗೆ ಮುಟ್ಟಿಸಿದರು. ನವಾಸಾಗರ ಕಲಸಿದರು, ತಟ್ಟೆ ಬಿಸಿ ಮಾಡಿ ತಿಕ್ಕಿದರು, ನೀರಿಗೆ ಹಿಡಿದರು, ಎಣ್ಣೆ ಸವರಿದರು. ಹಳಿ ಎದ್ದು ಬಂತು, ಬೇವಿನ ಮರಗಳು ಎದ್ದು ಬಂದವು. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಉಸ್ತಾದರು ತಟ್ಟೆಯನ್ನು ಮೂಗಿನ ಹತ್ತಿರ ತಂದು, ಉಗುರಿನಿಂದ ಒಂದು ಮೂಲೆ ಮೀಟಿ, ‘ಇಲ್ಲಿ ತಾರು ಎದ್ದದ ನೋಡ್. ತೆಗದು ಮತ್ತ ಕೂಡಿಸು’ ಎಂದು ಉಳಿಯನ್ನು ಅವಳ ಕಡೆ ಸರಿಸಿದರು.