ಗಗನಕುಸುಮವೋ, ಕನ್ನಡಿಯೊಳಗಿನ ಗಂಟೋ?

ಇಂಗ್ಲಿಷ್ ಪಾಠದಲ್ಲಿ ‘ಔಟ್ ಆಫ್ ರೀಚ್’ ಎಂಬ ನುಡಿಗಟ್ಟನ್ನು ಕೊಟ್ಟು, ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದರೆ ಮಕ್ಕಳು ಹೆಚ್ಚು ತಿಣುಕಬೇಕಿಲ್ಲ. ಬೆಲೆ ಏರಿದ ಚಿನ್ನಕ್ಕೂ, ಕಪಾಟಿನ ಮೇಲಿಟ್ಟ ಔಷಧಿಗೂ, ಸಿಗದೆ ಹೋದ ನೌಕರಿಗೂ ಅದೊಂದೇ ಸಾಕು. ಕನ್ನಡದಲ್ಲಿ ಈ ಅಭ್ಯಾಸ ಅಷ್ಟು ಸಲೀಸಲ್ಲ. ಕೈಗೆ ಸಿಗದ್ದನ್ನು ಹೇಳಲು ನಮ್ಮಲ್ಲಿ ಹಲವು ಮಾತುಗಳಿವೆ, ಏಕೆ ಸಿಗಲಿಲ್ಲ ಎಂಬುದನ್ನೂ ಅವು ಒಡಲಲ್ಲಿ ಇಟ್ಟುಕೊಂಡಿವೆ. ಹಾಗಾಗಿ ಮಾತನ್ನು ಆರಿಸುವ ಮೊದಲು ಸಂಗತಿಯನ್ನು ವಿಚಾರಿಸಬೇಕಾಗುತ್ತದೆ. ತೆಲಂಗಾಣದ ಗಡಿಯಲ್ಲಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸಂಗತಿಗಳನ್ನೇ ಹಿಡಿದು ಇದನ್ನು ನೋಡೋಣ.

ಪತ್ರಿಕೆಗಳಿಗೆ ತೀರಾ ಇಷ್ಟವಾದ ಮಾತು ಗಗನಕುಸುಮ. ಬಡವರಿಗೆ ಸೂರು ಗಗನಕುಸುಮ, ಊರಿಗೆ ರಸ್ತೆ ಗಗನಕುಸುಮ, ಕುಡಿಯುವ ನೀರೂ ಗಗನಕುಸುಮ. ತರ್ಕಶಾಸ್ತ್ರದವರು ಆಕಾಶದ ಹೂವನ್ನು ಮೊಲದ ಕೊಂಬು, ಬಂಜೆಯ ಮಗನ ಜೊತೆಗೆ ಇಟ್ಟಿದ್ದರು. ಇವು ಎಲ್ಲಿಯೂ ಇಲ್ಲದ, ಇರಲು ಸಾಧ್ಯವೂ ಇಲ್ಲದ ವಸ್ತುಗಳು. ಪಕ್ಕದ ಹಳ್ಳಿಯ ತನಕ ಬಂದು ನಿಂತ ರಸ್ತೆಯನ್ನು ಅದೇ ಸಾಲಿಗೆ ಸೇರಿಸಿದರೆ, ಅದನ್ನು ಅಲ್ಲಿಗೇ ನಿಲ್ಲಿಸಿದವರನ್ನು ಬಿಟ್ಟುಕೊಟ್ಟಂತೆ. ಈ ಮಾತಿನ ಮೇಲೆ ನನ್ನ ಆಕ್ಷೇಪ ಇದೇ.

ರೈಲನ್ನೇ ತೆಗೆದುಕೊಳ್ಳಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದ ಹಳಿ ಬಿದ್ದದ್ದು 1874ರಲ್ಲಿ, ಅದು ತಾಂಡೂರಿನ ಮೇಲೆಯೇ ಹೋಗುತ್ತದೆ. ವಿಕಾರಾಬಾದಿನಿಂದ ಬೀದರ, ಉದಗೀರ ದಾಟಿ ಪರಳಿಗೆ ಹೋಗುವ ಹಳಿ ಜಹೀರಾಬಾದನ್ನು ಮುಟ್ಟಿದೆ. ನಾರಾಯಣಖೇಡದಲ್ಲಿ ನಿಲ್ದಾಣವಿಲ್ಲ, ಅಲ್ಲಿನವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹಿಡಿದು ಜಹೀರಾಬಾದಿಗೋ ಬೀದರಿಗೋ ಹೋಗಬೇಕು. ‘ನಾರಾಯಣಖೇಡಕ್ಕೆ ರೈಲು ಇನ್ನೂ ಎಟುಕಿಲ್ಲ’ ಎಂದು ಬರೆದರೆ ಸರಿ. ಎಟುಕುವುದು ಎಂದಾಗ ವಸ್ತು ಇದೆ, ಎತ್ತರದಲ್ಲಿದೆ, ಏಣಿ ಇಟ್ಟರೆ ಸಿಕ್ಕೀತು ಎಂಬುದೆಲ್ಲ ಆ ಮಾತಿನಲ್ಲೇ ಬಂತು.

ಹೊಲದ ಮಾತು ಬೇರೆ. ತಾಂಡೂರಿನ ಸುತ್ತ, ಗಡಿಯಾಚೆ ಸೇಡಂ, ಚಿಂಚೋಳಿಗಳಲ್ಲಿ ತೊಗರಿಯೇ ಬದುಕು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮುಂಗಾರಿಗೆ ಬಿತ್ತಿದ ತೊಗರಿ ಮನೆ ಸೇರಲು ಡಿಸೆಂಬರ್, ಜನವರಿ ಆಗುತ್ತದೆ. ಅಷ್ಟು ತಿಂಗಳು ನಿಂತ ಬೆಳೆ, ಗಿಡದ ತುಂಬ ಹಳದಿ ಹೂ ಬಿಟ್ಟು ಕಣ್ಣು ತುಂಬುವ ಹೊತ್ತಿಗೆ ಮೋಡ ಕವಿದು ಮಂಜು ಬಿದ್ದರೆ ಹೂವು ಉದುರಿಹೋಗುತ್ತದೆ. ಉಳಿದ ಕಾಯಿಯನ್ನು ಕೀಡೆ ಕೊರೆಯುತ್ತದೆ. ನೆಟೆ ರೋಗ ಬಂದರೆ ಸಾಲುಸಾಲೇ ಒಣಗುತ್ತದೆ. ಗೊಡ್ಡು ರೋಗದ ಗಿಡವಂತೂ ಹಸಿರಾಗಿ ಪೊದೆಯಂತೆ ಬೆಳೆದು, ಹೂವನ್ನೇ ಬಿಡದೆ ನಿಂತುಬಿಡುತ್ತದೆ. ಆ ಕಡೆಯ ರೈತ ಇದಕ್ಕೆಲ್ಲ ಸೇರಿಸಿ ಹೇಳುವುದು ಇಷ್ಟೇ: ‘ಹೂವೇನೋ ಭಾಳ ಬಿಟ್ಟಿತ್ರಿ, ಬೆಳಿ ಕೈಗಿ ಹತ್ತಲಿಲ್ಲ.’ ಎಟುಕದ್ದು ಮೊದಲಿನಿಂದಲೂ ಮೇಲಿತ್ತು. ಕೈಗೆ ಹತ್ತದ್ದು ಅವನದೇ ಹೊಲದಲ್ಲಿ, ಅವನದೇ ಬೀಜದಿಂದ ಬೆಳೆದದ್ದು. ಬಂದೇಬಿಟ್ಟಿತು ಅನ್ನುವಾಗ ಜಾರಿತು. ಎರಡನ್ನೂ ಒಂದೇ ಮಾತಿನಲ್ಲಿ ಹೇಳುವುದು ಆ ರೈತನ ಆರು ತಿಂಗಳ ದುಡಿಮೆಯನ್ನು ಲೆಕ್ಕದಿಂದ ಬಿಟ್ಟಂತೆ.

ಇನ್ನು ಗಡಿಯ ವಿಚಾರ. 1956ರ ನವೆಂಬರ್ 1ರ ಮುಂಚೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ಇವನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಗೆರೆ ಎಳೆದದ್ದು ತಾಲ್ಲೂಕಿಗಿಂತ ಸಣ್ಣ ಅಳತೆಯಲ್ಲಿ: ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಇತ್ತ ಉಳಿಯಿತು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಅತ್ತ ಹೋಯಿತು. ನಾರಾಯಣಖೇಡದ ರೈತನಿಗೆ ಜಿಲ್ಲಾ ಕಚೇರಿ ಬೀದರದಲ್ಲಿದ್ದದ್ದು ಸಂಗಾರೆಡ್ಡಿಗೆ ಹೋಯಿತು. ಕಚೇರಿಯ ಕಾಗದ ಬದಲಾಯಿತು, ಶಾಲೆಯ ಪುಸ್ತಕ ಬದಲಾಯಿತು. ಮನೆಮಾತು ಕನ್ನಡವಾಗಿದ್ದವರು ಮನೆಯಲ್ಲಿ ಕನ್ನಡವನ್ನೇ ಆಡುತ್ತ ಉಳಿದರು.

ಅದೇ ದಿನ ಜಾರಿಗೆ ಬಂದ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ತಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುತ್ತದೆ ಆ ವಿಧಿ. ಗೆರೆಯ ಆಚೆ ಉಳಿಯುವ ಮಕ್ಕಳನ್ನು ನೆನೆದೇ ಬರೆದದ್ದು ಅದು. ಆದ್ದರಿಂದ ಗಡಿಯ ಯಾವ ಊರಿನಲ್ಲೇ ಆಗಲಿ, ಮಗುವಿಗೆ ತಾಯ್ನುಡಿಯ ಪಾಠ ಸಿಗದೆ ಹೋದರೆ ಅದು ಗಗನಕುಸುಮ ಆಗಲಾರದು. ಕಾಗದದ ಮೇಲೆ ಕಾಣುತ್ತಿದೆ, ಕೈ ಹಾಕಿದರೆ ಗಾಜು ತಾಗುತ್ತದೆ. ಕನ್ನಡಿಯೊಳಗಿನ ಗಂಟು ಎಂಬ ಮಾತು ಇರುವುದೇ ಇಂಥದ್ದಕ್ಕೆ.

ಈ ಎಲ್ಲ ಮಾತುಗಳನ್ನೂ ಒಂದೇ ಕಡೆ ಒರೆಗೆ ಹಚ್ಚಿ ನೋಡಬಹುದಾದ ಊರು ಜಹೀರಾಬಾದ್ ಬಳಿಯ ಮಾಚನೂರು. ಆ ಸೀಮೆಯ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಬಡ ದಲಿತ ಹೆಣ್ಣುಮಕ್ಕಳ ಸಂಘಗಳನ್ನು ಕಟ್ಟುತ್ತ ಬಂದಿತು. ಅದನ್ನು ಮುನ್ನಡೆಸಿದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿದ್ದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಜೋಳ, ನವಣೆ, ಸಾಮೆಗಳ ಊರುಬೀಜ ಉಳಿಸಿದ ಈ ಹೆಣ್ಣುಮಕ್ಕಳು ತಮಗೆ ತಮ್ಮದೇ ರೇಡಿಯೊ ಬೇಕು ಎಂದರು. ಆಕಾಶವಾಣಿಯಲ್ಲಿ ಬರುವ ಭಾಷೆ ತಮ್ಮದಲ್ಲ, ಅಲ್ಲಿ ಹೇಳುವ ಬೇಸಾಯವೂ ತಮ್ಮದಲ್ಲ ಎಂಬುದು ಅವರ ತಕರಾರು.

1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ವಾರ್ತಾ ಇಲಾಖೆಗೂ ಪಂದ್ಯದ ಪ್ರಸಾರದ ಬಗ್ಗೆ ನಡೆದ ಮೊಕದ್ದಮೆ ಅದು. ಗಾಳಿಯಲ್ಲಿ ಹೋಗುವ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಖಾಸಾ ಸೊತ್ತಲ್ಲ ಎಂದಿತು ಕೋರ್ಟು. ಮಾಚನೂರಿನಲ್ಲಿ ಯುನೆಸ್ಕೊ ನೆರವಿನಿಂದ ತೊಂಬತ್ತರ ದಶಕದ ಕೊನೆಗೆ ಸ್ಟುಡಿಯೊ ಎದ್ದಿತು. ಹಳ್ಳಿಯ ಹೆಣ್ಣುಮಕ್ಕಳು ಮೈಕು ಹಿಡಿಯಲು, ದನಿ ಮುದ್ರಿಸಲು ಕಲಿತರು. ಜನರಲ್ ನರಸಮ್ಮ, ಆಲ್ಗೋಲ್ ನರಸಮ್ಮ ಎಂಬ ಇಬ್ಬರು ಅದನ್ನು ನಡೆಸುವಷ್ಟು ಪಳಗಿದರು. ಹಬ್ಬದ ಹಾಡು, ನಾಟಿ ಮದ್ದು, ಬೀಜದ ಮಾತು ಎಲ್ಲ ಮುದ್ರಣವಾಯಿತು. ಲೈಸೆನ್ಸ್ ಮಾತ್ರ ಸಿಗಲಿಲ್ಲ. ಕಾರ್ಯಕ್ರಮವನ್ನು ಟೇಪಿನಲ್ಲಿ ತುಂಬಿ ಊರೂರಿಗೆ ಒಯ್ದು, ಸಂಘದ ಸಭೆಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೇಳಿಸಿದರು.

ಆ ವರ್ಷಗಳ ಮಾಚನೂರಿಗೆ ಸರಿಯಾಗಿ ಹೊಂದುವುದು ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ. ಕೊಡುವವನು ಆಗಲೇ ಕೊಟ್ಟಿದ್ದಾನೆ, ನಡುವೆ ನಿಂತವನು ಬಿಡುತ್ತಿಲ್ಲ. ತೀರ್ಪಿನ ಏಳು ವರ್ಷಗಳ ಮೇಲೆ, 2002ರಲ್ಲಿ, ಸಮುದಾಯ ರೇಡಿಯೊ ನೀತಿ ಬಂತು. ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ. ಓದಲು ಬಾರದ ಹೆಣ್ಣುಮಕ್ಕಳ ಸಂಘಕ್ಕೆ ಅದರಲ್ಲಿ ಜಾಗವಿರಲಿಲ್ಲ. 2006ರ ನವೆಂಬರಿನಲ್ಲಿ ನೀತಿ ಬದಲಾಗಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಆಯಿತು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೊ 90.4 ಮೆಗಾಹರ್ಟ್ಸ್‌ನಲ್ಲಿ ಬಿತ್ತರ ಶುರು ಮಾಡಿತು. ಹಳ್ಳಿಯ ಬಡ ಹೆಣ್ಣುಮಕ್ಕಳು ತಾವೇ ನಡೆಸುವ ಇಂಥ ನಿಲಯ ದೇಶದಲ್ಲಿ ಅದೇ ಮೊದಲು. ಅಲ್ಲಿನ ಜನ ಹೊಲದಲ್ಲಿ, ಅಡುಗೆಮನೆಯಲ್ಲಿ ಆಡುವ ತೆಲುಗೇ ಅದರಲ್ಲಿ ಕೇಳಬರುತ್ತದೆ.

ನೀತಿಯಲ್ಲಿ ಇನ್ನೂ ಒಂದು ಅಡ್ಡಗೋಡೆ ಉಳಿಯಿತು. ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು ಎಂಬುದು ತಾಂತ್ರಿಕ ಮಿತಿ, ಅದನ್ನು ಒಪ್ಪಬಹುದು. ಆದರೆ ಸಮುದಾಯ ರೇಡಿಯೊ ಸುದ್ದಿ, ಪ್ರಚಲಿತ ವಿದ್ಯಮಾನ ಬಿತ್ತರಿಸಬಾರದು ಎಂಬ ನಿರ್ಬಂಧವನ್ನೂ 2006ರ ನೀತಿ ಹಾಕಿತು. ಮಳೆಯ ಮಾತು, ಸಂತೆಯ ಧಾರಣೆ ಹೇಳಬಹುದು. ತಮ್ಮ ತಾಲ್ಲೂಕಿನ ರಾಜಕೀಯದ ಸುದ್ದಿಯನ್ನು ತಾವೇ ಓದುವಂತಿಲ್ಲ. ಪತ್ರಿಕೆಗೂ ಟಿ.ವಿ.ಗೂ ಇರುವ ಈ ಅವಕಾಶ ಮಾಚನೂರಿನ ಮೈಕಿಗೂ ಸಿಗಬೇಕು ಎಂದೇ ನಾನು ನಂಬಿದ್ದೇನೆ. ನಿರ್ಬಂಧ ಬರೆದದ್ದು ದಿಲ್ಲಿಯ ಒಂದು ಇಲಾಖೆ, ಅದನ್ನು ತೆಗೆಯುವ ಅಧಿಕಾರವೂ ಅಲ್ಲಿಯವರದೇ.